ಕಿರುಚಿತ್ರದ ತಯಾರಿ: ಗಾಣ ನಿಲ್ಲುವ ಅರ್ಧ ಗಂಟೆ

ಚಿತ್ರಕಥೆ 14 ಪುಟಕ್ಕೆ ಬಂದು ನಿಂತಿದೆ. ಪುಟಕ್ಕೊಂದು ನಿಮಿಷ ಎಂಬ ರೂಢಿಯ ಲೆಕ್ಕ ನಮಗೆ ಹೊಂದುವುದಿಲ್ಲ. ಕೊನೆಯ ಎರಡು ಪುಟಗಳಲ್ಲಿ ಮಾತೇ ಇಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ಅಪ್ಪ ಕಿವಿಗೊಟ್ಟು ನಿಂತಿರುತ್ತಾನೆ, ಅಷ್ಟೇ. ಆ ಎರಡು ಪುಟಗಳೇ ಐದು ನಿಮಿಷ ತೆಗೆದುಕೊಂಡರೂ ನನಗೆ ಸಂತೋಷ.

ಕಥೆ ಇಷ್ಟು. ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವ ಹಿರಿಯನಿಗೆ ಕಣ್ಣು ಮಂಜಾಗುತ್ತಿದೆ. ಯಾರಿಗೂ ಹೇಳಿಲ್ಲ. ಪಾಕ ಹದಕ್ಕೆ ಬಂದದ್ದನ್ನು ಕುದಿಯುವ ಸದ್ದಿನಿಂದಲೇ ಹಿಡಿಯುತ್ತಾನೆ. ಮೈಸೂರಿನಲ್ಲಿ ಓದುವ ಮಗಳು ರಜೆಗೆ ಊರಿಗೆ ಬಂದವಳು ಒಂದು ರಾತ್ರಿ ಅದನ್ನು ಗಮನಿಸುತ್ತಾಳೆ.

ಇಂಥ ಕಥೆಗೆ ಜಾಗ ಹುಡುಕುವಾಗ ಕಣ್ಣಿಗಿಂತ ಕಿವಿ ಮುಂದೆ ಹೋಗಬೇಕು. ವಿದ್ಯಾರ್ಥಿಗಳ ಚಿತ್ರಗಳಲ್ಲಿ ಸಾಮಾನ್ಯವಾಗಿ ನಿರ್ದೇಶಕರೂ ಛಾಯಾಗ್ರಾಹಕರೂ ಜಾಗ ಒಪ್ಪಿದ ಮೇಲೆಯೇ ಧ್ವನಿಯವರಿಗೆ ಸುದ್ದಿ ಮುಟ್ಟುತ್ತದೆ. ನಾವು ಧ್ವನಿಗ್ರಹಣದ ಗೆಳೆಯನನ್ನೇ ಮೊದಲು ಕರೆದುಕೊಂಡು ಹೋದೆವು. ಬೆಂಗಳೂರು–ಮೈಸೂರು ಹೆದ್ದಾರಿಗೆ ಹತ್ತಿರದಲ್ಲಿ ಹಳೆಯ ಹೆಂಚಿನ ಆಲೆಮನೆಯೊಂದಿತ್ತು, ನೋಡಲು ಬಲು ಚೆಂದ. ಅವನು ಹೆಡ್‌ಫೋನ್ ಹಾಕಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು, ಬೇಡ ಎಂದ. ಲಾರಿಗಳ ಸದ್ದು ತಳದಲ್ಲಿ ಬಿಡದೆ ಕೂತಿತ್ತು. ಒಳಗೆ, ಗದ್ದೆಗಳ ನಡುವೆ, ತಗಡಿನ ಮಾಡಿನ ಇನ್ನೊಂದನ್ನು ಒಪ್ಪಿಕೊಂಡೆವು. ಚಿತ್ರದಲ್ಲಿ ತಗಡು ಅಷ್ಟು ಚೆಂದ ಕಾಣುವುದಿಲ್ಲ, ಆದರೆ ಅಲ್ಲಿ ಉರಿಯ ಸದ್ದು, ಕುದಿಯ ಸದ್ದು ಬೇರೆ ಬೇರೆಯಾಗಿ ಕೇಳಿಸುತ್ತದೆ.

ಅಲ್ಲಿಯೂ ಒಂದು ತೊಡಕಿತ್ತು: ಗಾಣ. ಒಂದು ಕೊಪ್ಪರಿಗೆ ಕುದಿಯುತ್ತಿರುವಾಗಲೇ ಮುಂದಿನದಕ್ಕೆ ಕಬ್ಬು ಅರೆಯುತ್ತಿರುತ್ತಾರೆ. ಮೋಟಾರು, ಪಟ್ಟಾ, ಉರುಳೆಗಳ ನಡುವೆ ಕಬ್ಬು ಸೀಳುವ ಸದ್ದು ಸೇರಿದರೆ ಪಕ್ಕದವರ ಮಾತೂ ಕೇಳದು. ಮೊದಲೇ ಅರೆದು ಹಾಲು ತುಂಬಿಟ್ಟುಕೊಳ್ಳಬಹುದೇ ಎಂದು ಆಲೆಮನೆಯ ಯಜಮಾನರನ್ನು ಕೇಳಿದೆ. "ಹಾಲು ಹುಳಿ ತಿರುಗಿದರೆ ನಿನ್ನ ಸಿನಿಮಾ ಬಂದು ಬೆಲ್ಲ ಕಟ್ಟಿಕೊಡುವುದಿಲ್ಲವಲ್ಲವ್ವ" ಎಂದರು. ಅವರ ಮಾತು ಸರಿ. ಅರೆದ ಹಾಲನ್ನು ಹೆಚ್ಚು ಹೊತ್ತು ಇಟ್ಟರೆ ಅದರ ಸಕ್ಕರೆ ಒಡೆಯುತ್ತ ಹೋಗುತ್ತದೆ, ಬೆಲ್ಲ ಗಟ್ಟಿ ಕಟ್ಟುವುದಿಲ್ಲ. ಕೊನೆಗೆ, ಪಾಕ ಹದಕ್ಕೆ ಬರುವ ಕೊನೆಯ ಅರ್ಧ ಗಂಟೆ ಮಾತ್ರ ಗಾಣ ನಿಲ್ಲಿಸಲು ಒಪ್ಪಿದರು. ನಮ್ಮ ಇಡೀ ವೇಳಾಪಟ್ಟಿ ಈಗ ಆ ಅರ್ಧ ಗಂಟೆಯ ಸುತ್ತ ಕಟ್ಟಿಕೊಂಡಿದೆ. ಸಹ ನಿರ್ದೇಶಕಿ ದೃಶ್ಯಗಳನ್ನು ಹಗಲು, ರಾತ್ರಿ ಎಂದು ವಿಂಗಡಿಸಿದ್ದ ಪಟ್ಟಿಯನ್ನು ತೆಗೆದಿಟ್ಟು, ಗಾಣ ತಿರುಗುವಾಗಿನವು, ನಿಂತಾಗಿನವು ಎಂದು ಹೊಸದಾಗಿ ಬರೆದಿದ್ದಾಳೆ. ಮಾತಿರುವುದೆಲ್ಲ ಎರಡನೆಯ ಗುಂಪಿಗೆ. ಕ್ಯಾಮೆರಾಗಾಗಿ ಪಾಕ ಮತ್ತೊಮ್ಮೆ ಹದಕ್ಕೆ ಬರುವುದಿಲ್ಲ. ತಪ್ಪಿದರೆ ಮುಂದಿನ ಕೊಪ್ಪರಿಗೆಗೆ ಗಂಟೆಗಟ್ಟಲೆ ಕಾಯಬೇಕು.

ಆ ಸದ್ದನ್ನು ಇಲ್ಲಿ ಬರೆದಿಡಬೇಕು. ಮೊದಲು ಕಬ್ಬಿನ ಹಾಲು ನೀರಿನ ಹಾಗೆಯೇ ಒಂದೇ ಸಮನೆ ಭೋರೆನ್ನುತ್ತದೆ. ನೊರೆ ಏರಿ ಮೇಲೆಲ್ಲ ಮುಚ್ಚಿಕೊಂಡಾಗ ಸದ್ದು ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಸುಣ್ಣ ಹಾಕಿ, ತೇಲಿ ಬಂದ ಕೊಳೆಯನ್ನು ಜಾಲರಿಯಲ್ಲಿ ತೆಗೆದ ಮೇಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ನೀರಿನಂಶ ಆರುತ್ತ ಆರುತ್ತ ಗುಳ್ಳೆಗಳು ದಪ್ಪವಾಗಿ, ತಡೆದು ತಡೆದು, ಗೊಳಕ್ ಗೊಳಕ್ ಎಂದು ಒಡೆಯುತ್ತವೆ. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸುತ್ತಾರೆ, ಆದರೆ ಅಲ್ಲಿ ಯಾರೂ ಉಷ್ಣಮಾಪಕ ಇಟ್ಟುಕೊಂಡಿಲ್ಲ. ತಣ್ಣೀರಿಗೆ ತೊಟ್ಟು ಪಾಕ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಉಂಡೆ ಕಟ್ಟಿದರೆ ಸರಿ. ಅಪ್ಪನ ಪಾತ್ರ ಮಾಡುವವರು ಮೈಸೂರಿನ ಹವ್ಯಾಸಿ ರಂಗಭೂಮಿಯ ಹಿರಿಯರು. ಅವರು ಕೊಪ್ಪರಿಗೆಯಿಂದ ದೂರ, ಬೆನ್ನು ತಿರುಗಿಸಿ ಕೂತು, ಈಗ ಬಂತು ಎಂದು ಕೈ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ನಿಜವಾದ ಪಾಕದವರ ಕೈಗೂ ಇವರ ಕೈಗೂ ಅಂತರ ಕಡಿಮೆಯಾಗುತ್ತಿರುವುದನ್ನು ನೋಡಿದಾಗ ಮೈ ಝುಮ್ಮೆಂದಿತು.

ಮಾತುಗಳೂ ಬದಲಾಗಿವೆ. ಮಂಡ್ಯದ ಆಲೆಮನೆಗಳಲ್ಲಿ ಈಗ ಉತ್ತರ ಪ್ರದೇಶ, ಬಿಹಾರದಿಂದ ಬಂದ ಕೆಲಸಗಾರರು ಬಹಳ ಮಂದಿ. ನಾವು ಒಪ್ಪಿಕೊಂಡ ಕಡೆಯೂ ಉರಿ ಹಾಕುವವರು ಹಿಂದಿಯಲ್ಲೇ ಮಾತನಾಡುತ್ತಾರೆ, ಯಜಮಾನರು ಅರೆಬರೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಅಪ್ಪನ ಗುಟ್ಟು ಮೊದಲು ತಿಳಿಯುವುದು ಉರಿ ಹಾಕುವ ಹುಡುಗನಿಗೆ ಎಂದು ತಿದ್ದಿದ್ದೇನೆ. ಅವನಿಗೆ ಕನ್ನಡ ಅಷ್ಟಾಗಿ ಬಾರದು, ಅಪ್ಪನಿಗೆ ಹಿಂದಿ ಬಾರದು. ಹಾಗಾಗಿ ಗುಟ್ಟು ಉಳಿದುಕೊಂಡಿದೆ. ಇದು ಮೈಸೂರಿನ ಕೋಣೆಯಲ್ಲಿ ಕೂತು ಬರೆದರೆ ಹೊಳೆಯುವ ವಿಷಯವಲ್ಲ.

ನಾಲೆಯ ಏರಿಯ ಮೇಲೆ ಮಗಳು ಸ್ಕೂಟರಿನಲ್ಲಿ ಬರುವ ಎರಡು ದೃಶ್ಯಗಳನ್ನು ಒಂದೇ ದಿನಕ್ಕೆ ಹಾಕಿದ್ದೇವೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಒಂದು ವಾರ ತುಂಬು ನೀರು, ಇನ್ನೊಂದು ವಾರ ಬರೀ ಕೆಸರು ಆದೀತು. ಚಿತ್ರೀಕರಣ ಸಂಕ್ರಾಂತಿ ಕಳೆದ ಮೇಲೆ. ಹಬ್ಬಕ್ಕೆ ಮುಂಚೆ ಬೆಲ್ಲಕ್ಕೆ ಬೇಡಿಕೆ ಹೆಚ್ಚು, ಯಜಮಾನರಿಗೆ ಪುರುಸೊತ್ತಿಲ್ಲ. ಮಳೆಗಾಲದಲ್ಲಾದರೆ ಉರಿಗೆ ಬೇಕಾದ ಕಬ್ಬಿನ ಸಿಪ್ಪೆ ಒಣಗುವುದಿಲ್ಲ.

ಬೆಳಕಿನ ವಿಷಯ ಬೇಗ ಮುಗಿಯಿತು. ಟ್ಯೂಬ್‌ಲೈಟ್ ಆರಿಸಿ ಹಳೆಯ ಹಳದಿ ಬಲ್ಬುಗಳನ್ನು ಹಾಕುತ್ತೇವೆ, ಒಲೆಯ ಉರಿಯ ಬಣ್ಣಕ್ಕೆ ಅವು ಹತ್ತಿರ. ಸೆಕೆಂಡಿಗೆ 24 ಚೌಕಟ್ಟು, ಪ್ರತಿ ಚೌಕಟ್ಟಿಗೆ ಷಟರ್ ತೆರೆದಿರುವುದು ಸೆಕೆಂಡಿನ 1/50 ಭಾಗ. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಬಲ್ಬಿನ ಮಿಣುಕು ಚಿತ್ರದಲ್ಲಿ ಕಾಣುವುದಿಲ್ಲ. ಊಟ ಆಲೆಮನೆಯ ಪಕ್ಕದ ಮನೆಯವರೇ ಮಾಡಿಕೊಡುತ್ತಾರೆ, ಮುದ್ದೆ, ಸೊಪ್ಪಿನ ಸಾರು.

ಬೆಂಕಿಯ ವಿಷಯದಲ್ಲಿ ಮಾತ್ರ ಯಾರ ಜೊತೆಯೂ ರಾಜಿಯಿಲ್ಲ. 1989ರ ಫೆಬ್ರುವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಧಾರಾವಾಹಿಯೊಂದರ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ಸತ್ತರು. ಈ ಊರಿನಲ್ಲಿ ಸಿನಿಮಾ ಕಲಿಯುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕು. ಕುದಿಯುವ ಪಾಕ ಮೈಮೇಲೆ ಬಿದ್ದರೆ ನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಕೊಪ್ಪರಿಗೆಯ ಸುತ್ತ ಹಗ್ಗ ಕಟ್ಟುತ್ತೇವೆ. ಒಳಗೆ ಆಲೆಮನೆಯವರು, ಛಾಯಾಗ್ರಾಹಕ, ಮೈಕಿನ ಕೋಲು ಹಿಡಿದವನು, ಇಷ್ಟೇ ಮಂದಿ. ನಟರೂ ಹಗ್ಗದ ಈಚೆಗೇ. ಒಣ ಸಿಪ್ಪೆಯ ರಾಶಿಯ ಹತ್ತಿರ ವೈರು ಹಾಯುವಂತಿಲ್ಲ, ಹೊರಗೆ ಹೋಗುವ ದಾರಿಯಲ್ಲಿ ಸಾಮಾನು ಇಡುವಂತಿಲ್ಲ.

ತೀರ್ಮಾನವಾಗದೆ ಉಳಿದಿರುವುದು ಒಂದೇ: ಕೊನೆಯ ದೃಶ್ಯದಲ್ಲಿ ಪ್ರೇಕ್ಷಕರಿಗೆ ಕೇಳಿಸುವುದು ಯಾರ ಕಿವಿಗೆ ಬಿದ್ದ ಸದ್ದು? ಬಾಗಿಲಲ್ಲಿ ನಿಂತ ಮಗಳಿಗೆ ಎಲ್ಲವೂ ಕಲಸಿಕೊಂಡು ಕೇಳುತ್ತದೆ, ಅಪ್ಪನಿಗೆ ಒಂದೊಂದು ಗುಳ್ಳೆಯೂ ಬಿಡಿಬಿಡಿಯಾಗಿ. ಮಗಳ ಕಿವಿಯಿಂದ ಶುರುವಾಗಿ ಅಪ್ಪನ ಕಿವಿಗೆ ದಾಟಬೇಕು ಎಂಬುದು ನನ್ನ ಹಟ. ಮೊದಲಿನಿಂದ ಕೊನೆಯವರೆಗೂ ಅಪ್ಪನದೇ ಇರಲಿ ಎಂದು ಧ್ವನಿಯ ಗೆಳೆಯ ಹೇಳುತ್ತಾನೆ. ಶನಿವಾರ ಬಾಗಿಲಲ್ಲೊಂದು, ಕೊಪ್ಪರಿಗೆಯ ಮಗ್ಗುಲಲ್ಲಿ ಆವಿ ತಾಗದಷ್ಟು ದೂರಕ್ಕೊಂದು ಮೈಕು ಇಟ್ಟು ಎರಡನ್ನೂ ಒಟ್ಟಿಗೆ ಧ್ವನಿಮುದ್ರಿಸಿಕೊಂಡು ಬರುತ್ತೇವೆ.