ಆರಿಸುವವರು ಯಾರು, ಪೋಷಕರೋ ಶಾಲೆಯೋ?

ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ನಾವು ಖಾಸಗಿ ಶಾಲೆಯೊಂದಕ್ಕೆ ಅರ್ಜಿ ಹಾಕಿದಾಗ, ಅದರಲ್ಲಿ ಮಗುವಿನ ಬಗೆಗಿನ ಪ್ರಶ್ನೆಗಳಿಗಿಂತ ನಮ್ಮ ಓದು, ಉದ್ಯೋಗ, ವರಮಾನಗಳ ಬಗೆಗಿನ ಪ್ರಶ್ನೆಗಳೇ ಹೆಚ್ಚಾಗಿದ್ದವು. ಆಮೇಲೆ ಸಂದರ್ಶನವೂ ನಡೆಯಿತು. ಮಗಳಿಗೆ ಸೀಟು ಸಿಕ್ಕಿತು; ಅಂದು ನಮ್ಮ ಪಕ್ಕದಲ್ಲೇ ಕಾದು ಕುಳಿತಿದ್ದ ಇನ್ನೊಂದು ಮಗುವಿಗೆ ಸಿಗಲಿಲ್ಲವೆಂದು ಅದರ ತಾಯಿಯಿಂದ ತಿಳಿಯಿತು. ಒಳ್ಳೆಯ ಶಾಲೆಯನ್ನೇ ಆರಿಸಿದೆವೆಂದು ಬಂಧುಗಳ ಮುಂದೆ ಹೇಳಿಕೊಂಡೆವು. ಆದರೆ ಆ ಕೋಣೆಯಲ್ಲಿ ಆರಿಸುತ್ತಿದ್ದವರು ನಾವಾಗಿರಲಿಲ್ಲ. ಶಾಲಾ ಆಯ್ಕೆಯ ಕುರಿತು, ಸರ್ಕಾರಿ ಶಿಕ್ಷಣವನ್ನು ಖಾಸಗಿಯವರಿಗೆ ಒಪ್ಪಿಸುವ ಕುರಿತು ವಾದಗಳನ್ನು ಓದುವಾಗಲೆಲ್ಲ ನನಗೆ ಆ ಕೋಣೆ ನೆನಪಾಗುತ್ತದೆ.

ಈ ವಾದದ ಒಂದು ಮುಖ್ಯ ಬೇರು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಬರೆದ ಪ್ರಬಂಧದಲ್ಲಿದೆ. ಶಿಕ್ಷಣಕ್ಕೆ ಸರ್ಕಾರ ಹಣ ಕೊಡಬೇಕು, ಆದರೆ ಶಾಲೆಯನ್ನು ಸರ್ಕಾರವೇ ನಡೆಸಬೇಕಾಗಿಲ್ಲ. ಮಗುವಿನ ಪಾಲಿನ ಹಣವನ್ನು ವೌಚರ್ ರೂಪದಲ್ಲಿ ಪೋಷಕರ ಕೈಗೆ ಕೊಟ್ಟರೆ ಅವರು ತಮಗೆ ಬೇಕಾದ ಶಾಲೆಗೆ ಹೋಗುತ್ತಾರೆ, ಮಕ್ಕಳನ್ನು ಉಳಿಸಿಕೊಳ್ಳಲು ಶಾಲೆಗಳು ಚೆನ್ನಾಗಿ ಕಲಿಸುತ್ತವೆ ಎಂಬುದು ಅದರ ತಿರುಳು.

ಈ ವಿಚಾರವನ್ನು ಹಣವಂತರ ಹುನ್ನಾರವೆಂದು ತಳ್ಳಿಹಾಕುವವರೊಡನೆ ನನಗೆ ಸಹಮತವಿಲ್ಲ. ಹಣವುಳ್ಳವರಿಗೆ ಆಯ್ಕೆ ಎಂದೂ ಇದ್ದೇ ಇದೆ. ಅವರು ಶುಲ್ಕ ಕಟ್ಟುತ್ತಾರೆ, ಇಲ್ಲವೇ ಒಳ್ಳೆಯ ಸರ್ಕಾರಿ ಶಾಲೆ ಇರುವ ಬಡಾವಣೆಯಲ್ಲಿ ಮನೆ ಕೊಳ್ಳುತ್ತಾರೆ. ಬಡವರ ಮಗು ಮಾತ್ರ ತನ್ನ ಪಾಲಿಗೆ ಬಂದ ಶಾಲೆಯಲ್ಲೇ, ಅದು ಎಷ್ಟೇ ಕೆಟ್ಟಿರಲಿ, ಕೂರಬೇಕು. ಅಮೆರಿಕದ ಮಿಲ್ವಾಕಿ ನಗರದಲ್ಲಿ 1990ರಲ್ಲಿ ವೌಚರ್ ಯೋಜನೆ ಆರಂಭವಾದದ್ದು ಈ ನೋವಿನಿಂದಲೇ. ಅದನ್ನು ಮುಂದೆ ನಿಂತು ಜಾರಿಗೆ ತಂದ ಪಾಲಿ ವಿಲಿಯಮ್ಸ್ ಡೆಮಾಕ್ರಟಿಕ್ ಪಕ್ಷದ ಕಪ್ಪು ಜನಾಂಗದ ಶಾಸಕಿ. ಯೋಜನೆ ಬಡ ಕುಟುಂಬಗಳಿಗೆ ಮಾತ್ರ ಮೀಸಲಾಗಿತ್ತು. ಸೀಟಿಗಿಂತ ಅರ್ಜಿ ಹೆಚ್ಚಾದರೆ ಶಾಲೆ ತನಗೆ ಬೇಕಾದವರನ್ನು ಆರಿಸುವಂತಿರಲಿಲ್ಲ, ಚೀಟಿ ಎತ್ತಬೇಕಿತ್ತು. ಮುಂದೆ ವರಮಾನದ ಮಿತಿಯನ್ನು ಸಡಿಲಿಸಿ ಉಳ್ಳವರಿಗೂ ಬಾಗಿಲು ತೆರೆಯುವ ಮಾತು ಬಂದಾಗ ಅದನ್ನು ವಿರೋಧಿಸಿದವರಲ್ಲಿ ವಿಲಿಯಮ್ಸ್ ಕೂಡ ಒಬ್ಬರು. ಒಂದೇ ಹೆಸರಿನ ಯೋಜನೆ ಯಾರ ಕೈಯಲ್ಲಿ, ಯಾವ ನಿಯಮದಡಿ ನಡೆಯುತ್ತದೆ ಎಂಬುದರ ಮೇಲೆ ಬೇರೆಯೇ ವಸ್ತುವಾಗಿಬಿಡುತ್ತದೆ ಎಂಬುದನ್ನು ಅವರು ಬಹುಮಂದಿಗಿಂತ ಮೊದಲೇ ಕಂಡಿದ್ದರು.

ಇದನ್ನು ಇಡೀ ದೇಶದ ಅಳತೆಯಲ್ಲಿ ನೋಡಬೇಕಾದರೆ ಚಿಲಿಯನ್ನು ನೋಡಬೇಕು. ಅಲ್ಲಿ ಪಿನೊಚೆಯ ಸೇನಾಡಳಿತ 1981ರಲ್ಲಿ ಸರ್ಕಾರಿ ಶಾಲೆಗಳನ್ನು ನಗರಸಭೆಗಳಿಗೆ ವಹಿಸಿ, ಮಗು ಸರ್ಕಾರಿ ಶಾಲೆಗೇ ಹೋಗಲಿ, ಅನುದಾನಿತ ಖಾಸಗಿ ಶಾಲೆಗೇ ಹೋಗಲಿ, ತಲೆಗಿಷ್ಟೆಂದು ಹಣ ಕೊಡತೊಡಗಿತು. ಆಗ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಶಾಲೆಗಳಲ್ಲಿದ್ದರು; ಮೂರು ದಶಕಗಳಲ್ಲಿ ಆ ಪಾಲು ಅರ್ಧಕ್ಕಿಂತ ಬಹಳ ಕೆಳಗಿಳಿಯಿತು. ಲಾಭಕ್ಕಾಗಿ ಶಾಲೆ ನಡೆಸಲು ಅಡ್ಡಿ ಇರಲಿಲ್ಲ. 1990ರ ದಶಕದಲ್ಲಿ, ಪ್ರಜಾಪ್ರಭುತ್ವ ಮರಳಿ ಬಂದ ಮೇಲೆಯೇ, ಸರ್ಕಾರದ ಹಣದ ಜೊತೆಗೆ ಪೋಷಕರಿಂದಲೂ ಶುಲ್ಕ ಪಡೆಯುವ ಅವಕಾಶ ವಿಸ್ತಾರಗೊಂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಅನುದಾನಿತ ಖಾಸಗಿ ಶಾಲೆ ಮಕ್ಕಳನ್ನು ಪರೀಕ್ಷಿಸಿ, ಪೋಷಕರನ್ನು ಸಂದರ್ಶಿಸಿ ಸೇರಿಸಿಕೊಳ್ಳಬಹುದಿತ್ತು. ಶಿಯೆ ಮತ್ತು ಉರ್ಕಿಯೋಲಾ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸ್ಪರ್ಧೆಯಿಂದ ದೇಶದ ಸರಾಸರಿ ಕಲಿಕೆ ಮೇಲೇರಿದ್ದಕ್ಕೆ ಪುರಾವೆ ಸಿಗಲಿಲ್ಲ. ಅನುಕೂಲಸ್ಥರ ಮಕ್ಕಳು ಸರ್ಕಾರಿ ಶಾಲೆಗಳಿಂದ ಹೊರನಡೆದದ್ದಕ್ಕೆ ಮಾತ್ರ ಸಿಕ್ಕಿತು.

ಹೀಗಾದದ್ದರಲ್ಲಿ ಅಚ್ಚರಿಯೇನಿಲ್ಲ. ಹಿಂದುಳಿದ ಮಗುವಿಗೆ ಓದು ಬರಹ ಕಲಿಸುವುದು ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸ. ಅದಕ್ಕೆ ನುರಿತ ಶಿಕ್ಷಕರು ಬೇಕು, ಸಣ್ಣ ತರಗತಿ ಬೇಕು, ಹಣ ಬೇಕು. ಮನೆಯಲ್ಲೇ ಓದು ಕಲಿತು ಬಂದ ಮಗುವನ್ನು ಪ್ರವೇಶದ ದಿನ ಗುರುತಿಸುವುದು ಒಂದು ಬೆಳಗಿನ ಕೆಲಸ. ಎರಡರಿಂದಲೂ ಶಾಲೆಯ ಫಲಿತಾಂಶ ಒಂದೇ ಬಗೆಯಲ್ಲಿ ಏರುತ್ತದೆ, ಫಲಿತಾಂಶದ ಪಟ್ಟಿಯನ್ನು ನೋಡುವ ಪೋಷಕರಿಗೆ ವ್ಯತ್ಯಾಸ ಕಾಣುವುದಿಲ್ಲ. ಹೀಗಿರುವಾಗ ಸುಲಭದ ದಾರಿ ತೆರೆದಿದ್ದೂ ಕಷ್ಟದ ದಾರಿ ಹಿಡಿಯುವ ಶಾಲೆಗಳು ಇಲ್ಲವೆಂದಲ್ಲ, ಆದರೆ ಒಂದು ದೇಶದ ವ್ಯವಸ್ಥೆಯನ್ನು ಅವುಗಳ ಒಳ್ಳೆಯತನವನ್ನೇ ನಂಬಿ ಕಟ್ಟಲಾಗದು.

ಸ್ವೀಡನ್ 1992ರಲ್ಲಿ ಇದೇ ದಾರಿಗೆ ಬಂದಾಗ ಸ್ವಲ್ಪ ಎಚ್ಚರ ವಹಿಸಿತು. ಅಲ್ಲಿ ಸರ್ಕಾರದ ಹಣ ಪಡೆಯುವ ಖಾಸಗಿ ಶಾಲೆ ಪೋಷಕರಿಂದ ಶುಲ್ಕ ಪಡೆಯುವಂತಿಲ್ಲ. ಆದರೆ ಸರದಿಯ ಪಟ್ಟಿಯಲ್ಲಿ ಮೊದಲು ಹೆಸರು ಬರೆಸಿದವರಿಗೆ ಮೊದಲು ಸೀಟು ಎಂಬ ನಿಯಮದಿಂದ, ಮಗು ಹುಟ್ಟಿದ ಕೂಡಲೇ ಹೆಸರು ಬರೆಸಬೇಕೆಂದು ತಿಳಿದ ಮನೆಗಳಿಗೆ ಅನುಕೂಲವಾಯಿತು. ದೇಶಕ್ಕೆ ತಡವಾಗಿ ಬಂದ ವಲಸಿಗರ ಮಕ್ಕಳು ಹಿಂದೆ ಉಳಿದರು. ಲಾಭಕ್ಕಾಗಿ ಶಾಲೆ ನಡೆಸುತ್ತಿದ್ದ ದೊಡ್ಡ ಕಂಪನಿಯೊಂದು 2013ರಲ್ಲಿ ದಿವಾಳಿಯಾದಾಗ ಸಾವಿರಾರು ಮಕ್ಕಳು ತಮ್ಮ ಶಾಲೆಯ ಭವಿಷ್ಯವೇ ತಿಳಿಯದೆ ನಿಲ್ಲಬೇಕಾಯಿತು. ಅಂಗಡಿ ಮುಚ್ಚಿದರೆ ಗಿರಾಕಿ ಮರುದಿನ ಬೇರೆ ಅಂಗಡಿಗೆ ಹೋಗುತ್ತಾನೆ, ಆದರೆ ಮಗುವಿಗೆ ಏಳನೆಯ ತರಗತಿ ಬರುವುದು ಒಮ್ಮೆ ಮಾತ್ರ.

ಅಮೆರಿಕದ ಚಾರ್ಟರ್ ಶಾಲೆಗಳ ಕಥೆಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಸರ್ಕಾರದ ಹಣದಿಂದ ನಡೆಯುವ, ಆಡಳಿತದಲ್ಲಿ ಸ್ವತಂತ್ರವಾದ ಈ ಶಾಲೆಗಳಿಗೆ ಮೊದಲು ಕಾನೂನು ಮಾಡಿದ್ದು 1991ರಲ್ಲಿ ಮಿನೆಸೋಟ ರಾಜ್ಯ. ಬಾಸ್ಟನ್ನಿನ ಚಾರ್ಟರ್ ಶಾಲೆಗಳ ಸೀಟಿಗಾಗಿ ನಡೆದ ಲಾಟರಿಯಲ್ಲಿ ಗೆದ್ದ ಮಕ್ಕಳನ್ನು ಸೋತ ಮಕ್ಕಳೊಡನೆ ಹೋಲಿಸಿದ ಅಧ್ಯಯನಗಳು, ಗೆದ್ದವರ ಕಲಿಕೆ ಗಣನೀಯವಾಗಿ ಮೇಲಿದ್ದುದನ್ನು ತೋರಿಸಿವೆ. ಸ್ವತಂತ್ರ ಶಾಲೆಗಳು ಕಲಿಸಲಾರವು ಎನ್ನುವವರು ಇದಕ್ಕೆ ಉತ್ತರಿಸಬೇಕು. ಆದರೆ ಅದೇ ಬಗೆಯ ಲಾಟರಿ ಹೋಲಿಕೆಯಲ್ಲಿ, ಲೂಯಿಸಿಯಾನದ ವೌಚರ್ ಪಡೆದು ಖಾಸಗಿ ಶಾಲೆಗೆ ಹೋದ ಮಕ್ಕಳ ಗಣಿತದ ಅಂಕಗಳು ಮೊದಲ ವರ್ಷಗಳಲ್ಲಿ ಕುಸಿದವು. ಹಾಗಾಗಿ ಖಾಸಗಿ ಎಂಬ ಹಣೆಪಟ್ಟಿಯೇ ಗುಣಮಟ್ಟದ ಖಾತರಿಯಲ್ಲ.

ಹಿಂದೆ ಉಳಿಯುವ ಶಾಲೆಯ ಲೆಕ್ಕವನ್ನು ಈ ಚರ್ಚೆಯಲ್ಲಿ ಬಹಳ ಸಲ ಮರೆಯುತ್ತೇವೆ. ಮೂವತ್ತು ಮಕ್ಕಳ ತರಗತಿಯಿಂದ ಮೂವರು ಹೊರಟರೆ ಅವರ ಪಾಲಿನ ಹಣವೂ ಹೊರಡುತ್ತದೆ, ಆದರೆ ಶಿಕ್ಷಕರ ಸಂಬಳದಲ್ಲಿ ಹತ್ತನೆಯ ಒಂದು ಭಾಗ ಕಡಿಮೆಯಾಗುವುದಿಲ್ಲ, ಕಟ್ಟಡದ ಹತ್ತನೆಯ ಒಂದು ಭಾಗಕ್ಕೆ ದುರಸ್ತಿ ಬೇಡವಾಗುವುದಿಲ್ಲ. ಆ ಕೊರತೆಯನ್ನು ತುಂಬುವುದು ಉಳಿದ ಇಪ್ಪತ್ತೇಳು ಮಕ್ಕಳ ಸಂಗೀತ ಪಾಠವೋ, ಗ್ರಂಥಾಲಯವೋ ಆಗಿರುತ್ತದೆ. ಅಮೆರಿಕದ ಅರಿಜೋನ ರಾಜ್ಯ 2022ರಲ್ಲಿ ವೌಚರಿನಂಥ ನೆರವನ್ನು ಎಲ್ಲ ಮಕ್ಕಳಿಗೂ ವಿಸ್ತರಿಸಿದಾಗ, ಆರಂಭದಲ್ಲಿ ಅರ್ಜಿ ಹಾಕಿದವರಲ್ಲಿ ಬಹುಪಾಲು ಮಕ್ಕಳು ಆಗ ಸರ್ಕಾರಿ ಶಾಲೆಯಲ್ಲಿ ಇರಲೇ ಇಲ್ಲ. ಬಡ ಮಗುವಿಗೆ ಬಿಡುಗಡೆಯ ದಾರಿಯೆಂದು ಹೊರಟದ್ದು ಈಗಾಗಲೇ ಶುಲ್ಕ ಕಟ್ಟುತ್ತಿದ್ದವರಿಗೂ ಸಹಾಯಧನವಾಯಿತು. ಇನ್ನು ವಿಶೇಷ ಅಗತ್ಯವುಳ್ಳ ಮಗುವನ್ನು ಅಮೆರಿಕದ ಸರ್ಕಾರಿ ಶಾಲೆ 1975ರ ಕಾನೂನಿನಂತೆ ನಿರಾಕರಿಸಲಾಗದು. ವೌಚರ್ ಪಡೆಯುವ ಖಾಸಗಿ ಶಾಲೆಗಳಿಗೆ ಆ ಕಟ್ಟುಪಾಡು ಅದೇ ರೀತಿಯಲ್ಲಿ ಅನ್ವಯಿಸುವುದಿಲ್ಲ.

ಚಿಲಿಯ ಮಾತನ್ನು ಪೂರ್ತಿ ಮಾಡಬೇಕು. ಅಲ್ಲಿ 2006ರಲ್ಲಿ ಪ್ರೌಢಶಾಲೆಯ ಮಕ್ಕಳೇ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದರು; ಕಪ್ಪು ಬಿಳುಪು ಸಮವಸ್ತ್ರದಿಂದಾಗಿ ಅವರ ಚಳವಳಿಗೆ ಪೆಂಗ್ವಿನ್ ಕ್ರಾಂತಿಯೆಂದೇ ಹೆಸರಾಯಿತು. 2008ರಲ್ಲಿ ಬಡ ಮಕ್ಕಳ ಪಾಲಿಗೆ ಹೆಚ್ಚಿನ ಅನುದಾನ ಬಂತು. 2015ರ ಕಾನೂನು ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಲಾಭ, ಪೋಷಕರ ಶುಲ್ಕ, ಶಾಲೆಯೇ ಮಕ್ಕಳನ್ನು ಆರಿಸುವ ಪದ್ಧತಿ ಮೂರನ್ನೂ ಹಂತಹಂತವಾಗಿ ಕೊನೆಗಾಣಿಸಲು ಹೊರಟಿತು. ಪೋಷಕರ ಆಯ್ಕೆಯನ್ನು ಅದು ರದ್ದುಮಾಡಲಿಲ್ಲ, ವೌಚರನ್ನೂ ಹಿಂತೆಗೆದುಕೊಳ್ಳಲಿಲ್ಲ. ಪೋಷಕರು ತಮಗೆ ಬೇಕಾದ ಶಾಲೆಗಳನ್ನು ಒಂದಾದಮೇಲೊಂದರಂತೆ ಬರೆದು ಕೊಡುತ್ತಾರೆ; ಸೀಟು ಸಾಲದಿದ್ದರೆ ಅಣ್ಣ, ಅಕ್ಕ ಅಲ್ಲೇ ಓದುತ್ತಿರುವಂಥ ಕೆಲವು ಆದ್ಯತೆಗಳ ನಂತರ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಹೆಸರಾಂತ ಶಾಲೆಗಳ ಹಲವು ಪೋಷಕರಿಗೆ ಇದರ ಮೇಲೆ ಸಿಟ್ಟಿದೆ, ಚೆನ್ನಾಗಿ ಓದುವ ಮಗುವಿನ ಶ್ರಮಕ್ಕೆ ಬೆಲೆಯಿಲ್ಲವಾಯಿತೆಂಬ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅಲ್ಲಿ ಶಾಲೆ ಈಗ ಮಗುವಿನ ತಾಯಿತಂದೆಯನ್ನು ಕರೆದು ಸಂದರ್ಶಿಸಿ ಸೀಟು ಕೊಡುವಂತಿಲ್ಲ, ಅವರ ವರಮಾನದ ಕಾಗದಗಳನ್ನು ಕೇಳುವಂತಿಲ್ಲ.