ಡಿಸ್ಚಾರ್ಜ್ ಆದ ಮೇಲಿನ ಮೂವತ್ತು ದಿನ

ವಯಸ್ಸಾದವರು ಆಸ್ಪತ್ರೆ ಸೇರುವುದಕ್ಕೆ ಒಂದು ವರಸೆ ಇದೆ. ವರ್ಷಗಟ್ಟಲೆ ಆ ಕಡೆ ಹೋಗದವರೂ ಒಮ್ಮೆ ದಾಖಲಾದರೆ, ಬೆನ್ನಿಗೇ ಇನ್ನೊಮ್ಮೆ ದಾಖಲಾಗುವ ಸಂಭವ ಹೆಚ್ಚು. ಅಮೆರಿಕದಲ್ಲಿ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ದಾಖಲೆಗಳ ಮೇಲೆ 2009ರಲ್ಲಿ ಬಂದ ಅಧ್ಯಯನದಲ್ಲಿ, ಮನೆಗೆ ಹೋದ ಐವರಲ್ಲಿ ಸುಮಾರು ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗಿದ್ದರು. ಎಷ್ಟೋ ಸಲ ಎರಡನೇ ಕಾರಣವೇ ಬೇರೆ: ಹೃದಯಕ್ಕೆಂದು ಸೇರಿದ್ದವರು ಬಿದ್ದೋ, ಸೋಂಕಾಗಿಯೋ, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದೋ ವಾಪಸ್ ಬರುತ್ತಾರೆ. ನಿದ್ದೆಗೆಟ್ಟ ರಾತ್ರಿಗಳು, ಸೇರದ ಊಟ, ಮಲಗಿಯೇ ಕಳೆದ ದಿನಗಳು ಮೈಯನ್ನು ಅಷ್ಟು ಸೋಲಿಸಿರುತ್ತವೆ. ಆರೋಗ್ಯವಂತ ವೃದ್ಧರೇ ಹತ್ತು ದಿನ ಹಾಸಿಗೆ ಹಿಡಿದರೆ ಕಾಲಿನ ಸ್ನಾಯು ಒಂದು ಕೆಜಿಯಷ್ಟು ಕರಗುತ್ತದೆ.

ಹೆಚ್ಚು ಎಡವಟ್ಟಾಗುವುದು ಮಾತ್ರೆಗಳಲ್ಲಿ. ಮನೆಯ ಹಳೇ ಡಬ್ಬಿಯಲ್ಲಿ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಒಂದು ಬ್ರಾಂಡಿನದು, ಆಸ್ಪತ್ರೆ ಕೊಟ್ಟದ್ದು ಇನ್ನೊಂದು ಬ್ರಾಂಡಿನದು. ಎರಡನ್ನೂ ನುಂಗಿದರೆ ಬಿಪಿ ಕುಸಿಯುತ್ತದೆ. ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ, ಬ್ರಾಂಡಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಡಿಸ್ಚಾರ್ಜ್ ಸಮ್ಮರಿಯೊಂದಿಗೆ ತಾಳೆ ನೋಡಿ. ಸಮ್ಮರಿಯಲ್ಲಿಲ್ಲದ ಹಳೇ ಮಾತ್ರೆ ಮುಂದುವರಿಸಬೇಕೇ ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಸಕ್ಕರೆ ಕಾಯಿಲೆಯವರಲ್ಲಿ ನನಗೆ ಅತಿ ಭಯ ಹುಟ್ಟಿಸುವುದು ಸಕ್ಕರೆ ಇಳಿಸುವ ಮಾತ್ರೆ ಗ್ಲಿಮೆಪಿರೈಡ್. ಎರಡು ತುತ್ತೂ ಇಳಿಯದಿರುವಾಗ ಮೊದಲಿನ ಡೋಸನ್ನೇ ಕೊಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ತಡವರಿಸುವ ಮಾತು ಕಂಡರೆ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಕೊಟ್ಟು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಈ ಮಾತ್ರೆಯ ಪರಿಣಾಮ ಗಂಟೆಗಟ್ಟಲೆ ಇರುವುದರಿಂದ ಚೇತರಿಸಿಕೊಂಡವರಲ್ಲೂ ಸಕ್ಕರೆ ಮತ್ತೆ ಇಳಿಯಬಹುದು. ಊಟ ಮಾಡಿಸಿ, ಜೊತೆಗಿರಿ, ಡಾಕ್ಟರಿಗೆ ತಿಳಿಸಿ.

ಹೃದಯ ವೈಫಲ್ಯದವರಿಗೆ, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದವರಿಗೆ, ತೂಕದ ಯಂತ್ರವೇ ಕಾವಲು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮುಂಚೆ ತೂಕ ನೋಡಿ ಬರೆದಿಡಿ. ಒಂದೇ ದಿನಕ್ಕೆ ಒಂದು ಕೆಜಿ ಮೀರಿ, ಇಲ್ಲವೇ ವಾರಕ್ಕೆ ಎರಡು ಕೆಜಿ ಏರಿದರೆ ಅದು ಮೈಯಲ್ಲಿ ನಿಂತ ನೀರು. ಉಸಿರು ಕಟ್ಟುವವರೆಗೆ ಕಾಯದೆ ಅಂದೇ ಫೋನ್ ಮಾಡಿ. ಉಪ್ಪಿನಕಾಯಿ, ಹಪ್ಪಳ ಬೇಡ. ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಕೂಡ ನೀರು ಹಿಡಿದಿಡುತ್ತದೆ, ಕಿಡ್ನಿಯನ್ನೂ ಕೆಡಿಸುತ್ತದೆ.

ಏಳುವಾಗ ತಲೆ ಸುತ್ತಿದರೆ ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಳಿದರೂ ಬೀಳುವ ಅಪಾಯವಿದೆ.

ಆಯುಷ್ಮಾನ್ ಭಾರತ ಯೋಜನೆಯಡಿ ಚಿಕಿತ್ಸೆಯಾಗಿದ್ದರೆ ಡಿಸ್ಚಾರ್ಜ್ ನಂತರದ 15 ದಿನದವರೆಗಿನ ಔಷಧಿ, ತಪಾಸಣೆಯ ಖರ್ಚೂ ಅದರಲ್ಲೇ ಸೇರಿದೆ. ಬಿಲ್ ಕೌಂಟರಿನಲ್ಲಿ ಕೇಳಿ ಪಡೆಯಿರಿ.