ಚಿಕ್ಕಪ್ಪನ ಕಂಪ್ಯೂಟರ್ ಬಿಚ್ಚಿದ ದಿನ

ಮದರ್‌ಬೋರ್ಡ್ ಹೋಗಿದೆ, ರಿಪೇರಿ ದಂಡ, ಹೊಸ ಕಂಪ್ಯೂಟರೇ ತಗೊಳ್ಳಿ ಅಂತ ಪೇಟೆಯ ಅಂಗಡಿಯವರು ಚಿಕ್ಕಪ್ಪನಿಗೆ ಹೇಳಿ ಕಳಿಸಿದ್ದರು. ಸಾಗರದ ಹತ್ತಿರದ ಹಳ್ಳಿ, ಅಡಿಕೆ ತೋಟದ ಮಧ್ಯದ ಮನೆ. 2014ರಲ್ಲಿ ಜೋಡಿಸಿ ತಂದ ಡೆಸ್ಕ್‌ಟಾಪ್ ಅದು. ಚಿಕ್ಕಪ್ಪ ಅದರಲ್ಲಿ ಸಿನಿಮಾ ನೋಡುವವರಲ್ಲ, ಆಟ ಆಡುವವರಲ್ಲ. ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ವರ್ಷಗಟ್ಟಲೆ ಕೂತು ಅದಕ್ಕೆ ಏರಿಸಿದ್ದಾರೆ.

"ಪೆಟ್ಟಿಗೆ ಹೋದ್ರೆ ಹೋಗ್ಲಿ ಮಾರಾಯ, ಒಳಗಿರೋ ಅರ್ಥಗಾರಿಕೆ ಹೋದ್ರೆ ಎಲ್ಲಿಂದ ತರ್ಲಿ?" ಅಂದರು ಫೋನಿನಲ್ಲಿ.

ಏನೇನಾಗ್ತಿದೆ ಅಂತ ಕೇಳಿದೆ. ಆನ್ ಆಗಲು ಹತ್ತು ನಿಮಿಷ ಬೇಕು. ಒಳಗಿಂದ ಆಗಾಗ ಟಕ್ ಟಕ್ ಸದ್ದು. ದಿನಾ ಬೆಳಿಗ್ಗೆ ತಾರೀಖು 2013ಕ್ಕೆ ಹೋಗಿರುತ್ತದೆ. ಬ್ಯಾಂಕಿನ ವೆಬ್‌ಸೈಟ್ ತೆರೆದರೆ ಸುರಕ್ಷಿತವಲ್ಲ ಅಂತ ಎಚ್ಚರಿಕೆ ಬರುತ್ತದೆ. ಮದರ್‌ಬೋರ್ಡ್ ಅಂದರೆ ಉಳಿದ ಭಾಗಗಳೆಲ್ಲ ಕೂರುವ ಮುಖ್ಯ ಬೋರ್ಡು. ಅದು ಪೂರ್ತಿ ಹೋಗಿದ್ದರೆ ಇಷ್ಟೆಲ್ಲ ಕೆಲಸ ಮಾಡುವುದೇ ಇಲ್ಲ, ಪರದೆಯೇ ಬರುವುದಿಲ್ಲ. ಇದು ಎರಡು ಬೇರೆ ಬೇರೆ ಸಣ್ಣ ಕಾಯಿಲೆ ಅನ್ನಿಸಿತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಫೈಲು ಉಳಿಸಿಡುವ ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಒಂದು ಎಸ್‌ಎಸ್‌ಡಿ ಕೊಂಡು ಊರಿನ ಬಸ್ಸು ಹತ್ತಿದೆ. ಅಂಗಡಿಯ ಹುಡುಗ ಉದ್ದನೆಯ ಪಟ್ಟಿಯಂಥ ಎನ್‌ವಿಎಂಇ ಎಸ್‌ಎಸ್‌ಡಿಯನ್ನೇ ತಗೊಳ್ಳಿ, ವೇಗ ಜಾಸ್ತಿ ಅಂದ. ವೇಗ ಜಾಸ್ತಿ ಇರುವುದು ನಿಜ. ಆದರೆ ಚಿಕ್ಕಪ್ಪ ಕಳಿಸಿದ ಫೋಟೋದಲ್ಲಿದ್ದ ಹಳೆಯ ಬೋರ್ಡಿನಲ್ಲಿ ಅದನ್ನು ಸಿಕ್ಕಿಸುವ ಜಾಗವೇ ಇರಲಿಲ್ಲ. ಚಪ್ಪಟೆ ಡಬ್ಬಿಯ ಸಾಟಾ ಎಸ್‌ಎಸ್‌ಡಿ ಸಾಕು ಅಂದೆ.

ಚಿಕ್ಕಪ್ಪನ ಮೊಮ್ಮಗಳು ರಜೆಗೆ ಬಂದಿದ್ದಳು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್. ಇನ್‌ಪುಟ್, ಸಿಪಿಯು, ಮೆಮೊರಿ, ಔಟ್‌ಪುಟ್ ಅಂತ ಚೌಕ ಬರೆದು ಬಾಣ ಹಾಕುವುದರಲ್ಲಿ ಪೂರ್ತಿ ಅಂಕ ತೆಗೆಯುವವಳು. ಆದರೆ ಒಂದು ಕ್ಯಾಬಿನೆಟ್ಟಿನ ಒಳಗನ್ನು ಇಲ್ಲಿಯವರೆಗೆ ನೋಡಿರಲಿಲ್ಲ. ಅವಳೊಬ್ಬಳೇ ಅಲ್ಲ, ನಮ್ಮಲ್ಲಿ ತುಂಬ ಮಕ್ಕಳು ಹೀಗೇ ಕಲಿಯುತ್ತಾರೆ. ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಟ್ಟೆ.

ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಜಗಲಿಗೆ ತಂದು ಪಕ್ಕದ ಬಾಗಿಲು ತೆಗೆದೆವು. ಧೂಳು, ಜೇಡನ ಬಲೆ, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. ಚಿಕ್ಕಮ್ಮ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಬಣ್ಣ ಬಳಿಯುವ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದೆವು. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಒರೆಸಿದೆವು.

ಹಿಂದಿನ ಮೂಲೆಯ ಕಬ್ಬಿಣದ ಡಬ್ಬಿ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು 12, 5 ಮತ್ತು 3.3 ವೋಲ್ಟಿನ ಡಿಸಿ ಮಾಡಿ ಉಳಿದವರಿಗೆಲ್ಲ ಹಂಚುತ್ತದೆ. ಅದನ್ನು ಮಾತ್ರ ಬಿಚ್ಚಬೇಡ ಅಂದೆ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ. ಪುಸ್ತಕದ ಸಿಪಿಯು, ಅಂದರೆ ಪ್ರೊಸೆಸರ್ ಎಲ್ಲಿ ಅಂತ ಹುಡುಕಿದಳು. ಕಾಣಲಿಲ್ಲ. ಫ್ಯಾನು, ಅದರಡಿ ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್ ಸಿಂಕ್, ಅದರಡಿ ಅದು ಕೂತಿದೆ. ಚೆನ್ನಾಗಿ ಕೆಲಸ ಮಾಡುತ್ತಿತ್ತು, ಹಾಗಾಗಿ ಮುಟ್ಟಲಿಲ್ಲ.

ರ‍್ಯಾಮ್ ಪಟ್ಟಿಯನ್ನು ಅವಳೇ ಕಿತ್ತಳು. ಕರೆಂಟು ಇರುವವರೆಗಷ್ಟೇ ನೆನಪಿಟ್ಟುಕೊಳ್ಳುವ ಮೆಮೊರಿ ಇದು. ಎರಡೂ ಬದಿಯ ಕ್ಲಿಪ್ಪು ಒತ್ತಿದರೆ ಎದ್ದು ಬರುತ್ತದೆ. ಡಿಡಿಆರ್3 ಪೀಳಿಗೆಯದು, 4 ಜಿಬಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಅವಳದೇ ರಬ್ಬರಿನಿಂದ ಉಜ್ಜಿಸಿದೆ. ಇದು ರಿಪೇರಿ ಅಂಗಡಿಗಳ ಹಳೆಯ ಉಪಾಯ, ಮಲೆನಾಡಿನ ತೇವಕ್ಕೆ ಕಪ್ಪಾದ ಹಲ್ಲುಗಳು ಮತ್ತೆ ಹೊಳೆಯುತ್ತವೆ. ನಡುವಿನ ಕಚ್ಚನ್ನೂ ತೋರಿಸಿದೆ. ಡಿಡಿಆರ್4ರಲ್ಲಿ ಆ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಆದ್ದರಿಂದ ಇಲ್ಲಿ ಕೂರುವುದಿಲ್ಲ. ರ‍್ಯಾಮ್ ಕೊಳ್ಳುವ ಮುಂಚೆ ಹಳೆಯದನ್ನು ಜೇಬಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು.

"ಟೈಪ್ ಮಾಡ್ತಾ ಇದ್ದಾಗ ಕರೆಂಟ್ ಹೋದ್ರೆ ಬರೆದದ್ದೆಲ್ಲ ಹೋಗ್ತದಲ್ಲ ಅಜ್ಜ, ಅದು ಇದ್ರಿಂದಾನೇ" ಅಂತ ಚಿಕ್ಕಪ್ಪನಿಗೆ ಅವಳೇ ವಿವರಿಸಿದಳು. ನಾನು ಬಾಯಿ ಹಾಕುವ ಅಗತ್ಯವೇ ಬೀಳಲಿಲ್ಲ.

ತಾರೀಖಿನ ಕಾಯಿಲೆಯ ಮೂಲ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್. ಸಿಆರ್2032, 3 ವೋಲ್ಟ್. ಕಂಪ್ಯೂಟರ್ ಆಫ್ ಇದ್ದಾಗಲೂ ಒಳಗಿನ ಗಡಿಯಾರ ನಡೆಸುವುದು ಇದರ ಕೆಲಸ. ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದರೆ ಬೋರ್ಡಿಗೆ ಹೊರಗಿನಿಂದ ಸ್ವಲ್ಪ ಕರೆಂಟು ಬರುತ್ತಲೇ ಇರುತ್ತದೆ, ಸೆಲ್ ಉಳಿಯುತ್ತದೆ. ಆದರೆ ಚಿಕ್ಕಪ್ಪ ಮಿಂಚು ಗುಡುಗಿಗೆ ಹೆದರಿ ದಿನಾ ಪ್ಲಗ್ ಕಿತ್ತಿಡುವವರು. ಸೆಲ್ ಬೇಗ ಮುಗಿದಿತ್ತು. ಗಡಿಯಾರ 2013ರಲ್ಲಿ ನಿಂತರೆ ವೆಬ್‌ಸೈಟುಗಳ ಸುರಕ್ಷತಾ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ತಿಳಿಯುತ್ತದೆ. ಅದಕ್ಕೇ ಆ ಎಚ್ಚರಿಕೆ. ಸಾಗರದ ವಾಚ್ ಅಂಗಡಿಯಲ್ಲಿ ಹೊಸ ಸೆಲ್ ಸಿಕ್ಕಿತು. ಹೊಸ ಕಂಪ್ಯೂಟರಿಗೆ ಕೇಳಿದ್ದ ದುಡ್ಡಿಗೂ ಈ ಸೆಲ್ಲಿನ ಬೆಲೆಗೂ ಇದ್ದ ಅಂತರ ನೋಡಿ ಚಿಕ್ಕಪ್ಪ ಅಂಗಡಿಯವರಿಗೆ ಎರಡು ಮಾತು ಅಂದರು. ಇಲ್ಲಿ ಬರೆಯುವಂಥದ್ದಲ್ಲ ಬಿಡಿ.

ಇನ್ನು ಆ ಟಕ್ ಟಕ್. ಅದು ಹಾರ್ಡ್ ಡಿಸ್ಕಿನದು. ಮೊದಲು ರೆಕಾರ್ಡಿಂಗ್‌ಗಳನ್ನು ಹೊರಗೆ ತೆಗೆಯೋಣ, ಉಳಿದದ್ದೆಲ್ಲ ಆಮೇಲೆ ಅಂದೆ. ವಿಂಡೋಸ್ ಹೋದರೆ ಮತ್ತೆ ಹಾಕಬಹುದು. ಸಾಯುತ್ತಿರುವ ಡಿಸ್ಕಿನ ಮೇಲೆ ಸ್ಕ್ಯಾನು, ರಿಪೇರಿ, ಫಾರ್ಮ್ಯಾಟ್ ಅಂತ ಶುರು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಳಿದಿರುವ ಆಯಸ್ಸನ್ನು ಅದಕ್ಕೇ ಖರ್ಚು ಮಾಡಿಬಿಡುತ್ತಾರೆ.

ವಿಂಡೋಸಿನ ಬದಲು ಬಳಸಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಇದ್ದ ಪೆನ್‌ಡ್ರೈವ್ ಸಿಕ್ಕಿಸಿ ಅದರಿಂದಲೇ ಆನ್ ಮಾಡಿದೆ. "ಹಾರ್ಡ್ ಡಿಸ್ಕಿನ ವಿಂಡೋಸ್ ಇಲ್ದೇನೇ ನಡೀತದಾ ಮಾವ?" ಅಂತ ಹುಡುಗಿಗೆ ಆಶ್ಚರ್ಯ. ನಡೆಯುತ್ತದೆ. ಪ್ರೊಸೆಸರಿಗೆ ಬೇಕಾದದ್ದು ರ‍್ಯಾಮಿಗೆ ಬಂದರೆ ಸಾಕು, ಎಲ್ಲಿಂದ ಬಂತು ಅಂತ ಅದು ಕೇಳುವುದಿಲ್ಲ. ಡಿಸ್ಕಿನ ಆರೋಗ್ಯದ ವರದಿ ತೆಗೆದು ನೋಡಿದರೆ ಓದಲಾಗದ ಜಾಗಗಳು ಸಾಕಷ್ಟಿದ್ದವು. ಎಕ್ಸ್‌ಟರ್ನಲ್ ಡ್ರೈವನ್ನು ಹಿಂದಿನ ನೀಲಿ ಯುಎಸ್‌ಬಿ ಪೋರ್ಟಿಗೆ ಹಾಕಿ ನಕಲು ಶುರು ಮಾಡಿದೆವು. ಮುಂದಿನ ಕಪ್ಪು ಪೋರ್ಟು ಯುಎಸ್‌ಬಿ 2, ಬಹಳ ನಿಧಾನ.

ನಕಲಾಗುತ್ತಿದ್ದಾಗ ಚಿಕ್ಕಪ್ಪ ಕೇಳಿದರು, ಒಳಗೆ ಏನು ಸದ್ದು ಮಾಡ್ತಾ ಇದೆ ಅಂತ. ಗ್ರಾಮಫೋನಿನ ತಟ್ಟೆ, ಮುಳ್ಳು ಇದ್ದ ಹಾಗೆ ಇಲ್ಲೂ ತಟ್ಟೆ, ತೋಳು ಇವೆ ಅಂದೆ. ಆದರೆ ಇಲ್ಲಿ ತೋಳಿನ ತುದಿ ತಟ್ಟೆಗೆ ತಾಗುವುದೇ ಇಲ್ಲ, ಕೂದಲಿನ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತದೆ. ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120. ಬೇಕಾದ ಜಾಗ ತಲೆಯಡಿ ಬರುವವರೆಗೆ ಕಾಯಬೇಕು. ಕೆಟ್ಟ ಜಾಗ ಸಿಕ್ಕರೆ ತೋಳು ಹಿಂದೆ ಹೋಗಿ ಮತ್ತೆ ಬರುತ್ತದೆ, ಆ ಸದ್ದೇ ಟಕ್ ಟಕ್. ಎಸ್‌ಎಸ್‌ಡಿಯಲ್ಲಿ ಬರೀ ಚಿಪ್ಪುಗಳು. ತಿರುಗುವುದಿಲ್ಲ, ಕಾಯಿಸುವುದಿಲ್ಲ.

"500 ಜಿಬಿ ಅಂತ ಮೇಲೆ ಬರ್ದಿದೆ, ವಿಂಡೋಸಲ್ಲಿ 465 ಅಂತ ತೋರಿಸ್ತಿತ್ತು, ಉಳಿದದ್ದು ಎಲ್ಲಿ?" ಇದು ಮೊಮ್ಮಗಳ ಪ್ರಶ್ನೆ. ಯಾರೂ ಕದ್ದಿಲ್ಲ. ಕಂಪನಿಗಳು ಸಾವಿರದ ಲೆಕ್ಕದಲ್ಲಿ ಗುಣಿಸುತ್ತವೆ, ವಿಂಡೋಸ್ 1,024ರ ಲೆಕ್ಕದಲ್ಲಿ ಭಾಗಿಸುತ್ತದೆ. ಪೆನ್ನು ತಗೊಂಡು ತಾನೇ ಲೆಕ್ಕ ಮಾಡಿ ನೋಡಿದಳು. 465 ಬಂತು.

ಚಿಕ್ಕಪ್ಪ ಕಪಾಟಿನಿಂದ ತಮ್ಮ ಹಳೆಯ ಪ್ರಯತ್ನಗಳನ್ನೆಲ್ಲ ತಂದು ಹರವಿದರು. 1.44 ಎಂಬಿಯ ಫ್ಲಾಪಿ. ಅವರ ಲೆಕ್ಕದಲ್ಲಿ ಎಂಪಿ3 ಮಾಡಿದರೂ ಒಂದೂವರೆ ನಿಮಿಷದ ಮಾತು ಹಿಡಿಸಿದರೆ ಹೆಚ್ಚು. ಸಿಡಿಗಳು, ಒಂದೊಂದಕ್ಕೆ 700 ಎಂಬಿ, ಮಳೆಗಾಲದ ಬೂಷ್ಟು ಹಿಡಿದು ಚುಕ್ಕೆ ಚುಕ್ಕೆ. ಆಮೇಲೆ ಜಾತ್ರೆಯಲ್ಲಿ ಅಗ್ಗಕ್ಕೆ ಕೊಂಡ 2 ಟಿಬಿ ಪೆನ್‌ಡ್ರೈವ್. ಇದು ಪಕ್ಕಾ ಮೋಸ. ಒಳಗೆ ಕೆಲವೇ ಜಿಬಿ ಇರುತ್ತದೆ, 2 ಟಿಬಿ ಅಂತ ಸುಳ್ಳು ಹೇಳುವಂತೆ ಚಿಪ್ಪನ್ನು ತಿದ್ದಿರುತ್ತಾರೆ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಏನೂ ಇಲ್ಲ. ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ಕಬ್ಬಿಣದ ಟ್ರಂಕಿನಲ್ಲಿದ್ದ ಕ್ಯಾಸೆಟ್‌ಗಳೇ. ಅದೂ ಒಳ್ಳೆಯದೇ ಆಯಿತು. ಡಿಸ್ಕು ಒಂದು ಪ್ರಸಂಗವನ್ನು ಏನು ಮಾಡಿದರೂ ಬಿಟ್ಟುಕೊಡಲಿಲ್ಲ, ಅದನ್ನು ಕ್ಯಾಸೆಟ್ಟಿನಿಂದ ಮತ್ತೆ ಏರಿಸಬೇಕು.

ಸಂಜೆಯ ಹೊತ್ತಿಗೆ ಎಸ್‌ಎಸ್‌ಡಿ ಕೂರಿಸಿದೆವು. ಬೋರ್ಡಿನ ನಾಲ್ಕು ಸಾಟಾ ಪೋರ್ಟುಗಳಲ್ಲಿ ಎರಡಷ್ಟೇ ವೇಗದವು, ಅಂಥದ್ದೊಂದಕ್ಕೆ ಹಾಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಈ ಹಳೆಯ ಐ3 ಪ್ರೊಸೆಸರನ್ನು ಒಪ್ಪುವುದಿಲ್ಲ. ಲಿನಕ್ಸನ್ನೇ ಹಾಕಿದೆ, ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಕೀಬೋರ್ಡ್ ಜೋಡಣೆ ಅದರಲ್ಲೂ ಸಿಗುತ್ತದೆ. ಒತ್ತಿದ ಅರ್ಧ ನಿಮಿಷದೊಳಗೆ ಪರದೆ ಬಂತು. ಚಿಕ್ಕಪ್ಪ ಆಫ್ ಮಾಡಿಸಿ ಇನ್ನೊಮ್ಮೆ ಆನ್ ಮಾಡಿಸಿದರು.

ಎಕ್ಸ್‌ಟರ್ನಲ್ ಡ್ರೈವ್ ಇಲ್ಲಿ ಬೇಡ, ಶಿವಮೊಗ್ಗದ ಮಗಳ ಮನೆಯಲ್ಲಿರಲಿ ಅಂದೆ. ಒಂದೇ ಮನೆಯಲ್ಲಿ ಎರಡು ಪ್ರತಿ ಇಟ್ಟರೆ ಒಂದೇ ಸಿಡಿಲಿಗೆ ಎರಡೂ ಹೋಗಬಹುದು, ಎಸ್‌ಎಸ್‌ಡಿ ಸಾಯುವ ಮುಂಚೆ ಟಕ್ ಟಕ್ ಅಂತ ಹೇಳುವುದೂ ಇಲ್ಲ.

"ಹಾಗಾದ್ರೆ ಪ್ಲಗ್ ಕೀಳೋದು ಬಿಡ್ಲಾ? ಸೆಲ್ ಮುಗೀತದೆ ಅಂತೀಯ."

"ಬೇಡ ಚಿಕ್ಕಪ್ಪ, ನೀವು ಕೀಳ್ತಾನೇ ಇರಿ. ಸೆಲ್ ವಾಚ್ ಅಂಗಡೀಲಿ ಸಿಗ್ತದೆ."